ಎಲ್ಲರಿಗೂ ಒಂದೇ ಸೆಟ್ಟಿಂಗ್, ಒಬ್ಬರ ಮಷೀನ್ ಮಾತ್ರ ಕೇಳುತ್ತಿಲ್ಲ: ಎಲ್ಲಿ ಹುಡುಕಬೇಕು?

ಗಿಟ್‌ನಲ್ಲಿಟ್ಟ ತಂಡದ ಕೋಡ್ ಸಂಗ್ರಹದಲ್ಲಿ, ಅಂದರೆ ರಿಪೊದಲ್ಲಿ, ವಿಎಸ್ ಕೋಡ್ ಎಡಿಟರಿನ ಸೆಟ್ಟಿಂಗ್‌ಗಳಿಗೆಂದು .ವಿಎಸ್‌ಕೋಡ್ ಫೋಲ್ಡರ್ ಇದೆ, ಅದರೊಳಗೆ ಸೆಟ್ಟಿಂಗ್ಸ್.ಜೇಸನ್ ಇದೆ, ತಂಡದವರೆಲ್ಲ ಪುಲ್ ಮಾಡಿ ತಮ್ಮ ಮಷೀನಿಗೆ ತಂದುಕೊಂಡಿದ್ದಾರೆ. ಆದರೂ ಒಬ್ಬರ ಫೈಲಿನಲ್ಲಿ ಎರಡು ಸ್ಪೇಸ್, ಇನ್ನೊಬ್ಬರದ್ದರಲ್ಲಿ ನಾಲ್ಕು. ಒಬ್ಬರು ಸೇವ್ ಕೊಟ್ಟರೆ ಕೋಡ್ ಸಾಲುಗೂಡುತ್ತದೆ, ಪಕ್ಕದ ಕುರ್ಚಿಯವರು ಕೊಟ್ಟರೆ ಏನೂ ಆಗುವುದಿಲ್ಲ. ಮೂರನೆಯವರು ಒಂದು ಸಾಲು ತಿದ್ದಿ ಕಮಿಟ್ ಮಾಡಿದರೆ (ಗಿಟ್‌ನಲ್ಲಿ ದಾಖಲಿಸಿದರೆ) ಬದಲಾವಣೆ ತೋರಿಸುವ ಡಿಫ್‌ನಲ್ಲಿ ಇಡೀ ಫೈಲ್ ಬದಲಾಗಿದೆ ಎಂದು ಬರುತ್ತದೆ.

ನಮ್ಮದು ದಾವಣಗೆರೆಯ ವಿದ್ಯಾನಗರದಲ್ಲಿ ಕೂತು ಮೆಕ್ಕೆಜೋಳದ ದಲಾಲಿ ಅಂಗಡಿಗಳಿಗೆ ತೂಕದ ಚೀಟಿ, ಪಟ್ಟಿ, ಬಾಕಿ ಲೆಕ್ಕದ ಸಾಫ್ಟ್‌ವೇರ್ ಬರೆಯುವ ಸಣ್ಣ ತಂಡ. ಅರ್ಧ ಜನ ಇಲ್ಲಿ, ಒಬ್ಬರು ಚಿತ್ರದುರ್ಗದ ಮನೆಯಿಂದ, ಇನ್ನುಳಿದವರು ಬೆಂಗಳೂರಿನಿಂದ. ಹೆಚ್ಚಿನವು ವಿಂಡೋಸ್ ಲ್ಯಾಪ್‌ಟಾಪ್, ಒಂದೆರಡು ಉಬುಂಟು, ಒಂದು ಮ್ಯಾಕ್. ಹೀಗೆ ಬೆರಕೆ ಇರುವ ತಂಡದಲ್ಲಿ ಮೇಲಿನ ದೂರುಗಳು ಬರದಿದ್ದರೇ ಆಶ್ಚರ್ಯ.

ಇಂಥ ದೂರು ಬಂದಾಗ ಹೆಚ್ಚಿನವರ ಮೊದಲ ಕೆಲಸ ಸೆಟ್ಟಿಂಗ್ಸ್.ಜೇಸನ್ ತೆರೆದು ಇನ್ನೊಂದೆರಡು ಸಾಲು ಸೇರಿಸುವುದು. ಅದನ್ನು ಮಾಡಬೇಡಿ. ಏಳು ಜನರಿಗೆ ಸರಿಯಾಗಿ ನಡೆಯುತ್ತಿರುವ ಫೈಲನ್ನು ಎಂಟನೆಯವರಿಗಾಗಿ ತಿದ್ದಿದರೆ ದೂರು ಕೊಡುವವರು ಬದಲಾಗುತ್ತಾರೆ, ದೂರು ಹಾಗೇ ಉಳಿಯುತ್ತದೆ. ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಮಷೀನಿನಲ್ಲಿ ಈಗ ನಡೆಯುತ್ತಿರುವ ಮೌಲ್ಯವನ್ನು ಕೊಟ್ಟವರು ಯಾರು? ಈ ಕೈಪಿಡಿಯ ಉಳಿದದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿ.

ಫೈಲ್ ಮತ್ತು ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಮಾಮೂಲಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ.

ಫೈಲ್ ತಲುಪಿದೆಯೇ?

‘ಪುಲ್ ಮಾಡಿದ್ದೀನಿ’ ಎನ್ನುವುದು ಪುರಾವೆಯಲ್ಲ. ದೂರು ಕೊಟ್ಟವರ ಮಷೀನಿನಲ್ಲೇ ಟರ್ಮಿನಲ್ ತೆರೆದು ‘ಗಿಟ್ ಎಲ್‌ಎಸ್-ಫೈಲ್ಸ್ .ವಿಎಸ್‌ಕೋಡ್’ ಕೊಡಿ. ಫೈಲಿನ ಹೆಸರು ಬಂದರೆ ಗಿಟ್ ಅದನ್ನು ಟ್ರ್ಯಾಕ್ ಮಾಡುತ್ತಿದೆ. ಏನೂ ಬರಲಿಲ್ಲವೆಂದರೆ ಫೈಲ್ ರಿಪೊಗೆ ಹೋಗಿಯೇ ಇಲ್ಲ. ಬರೆದವರ ಮಷೀನಿನಲ್ಲೇ ಕೂತಿದೆ. ಅವರಿಗೆ ಮಾತ್ರ ಎಲ್ಲ ಸರಿ ಕಾಣುವುದು ಅದಕ್ಕೇ.

ಕಾರಣ ಬಹುತೇಕ ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಲ್ಲಿ, ಅಂದರೆ .ಗಿಟ್‌ಇಗ್ನೋರ್‌ನಲ್ಲಿರುತ್ತದೆ. ಬರೆದವರ ಮಷೀನಿನಲ್ಲಿ ‘ಗಿಟ್ ಚೆಕ್-ಇಗ್ನೋರ್ -ವಿ .ವಿಎಸ್‌ಕೋಡ್/ಸೆಟ್ಟಿಂಗ್ಸ್.ಜೇಸನ್’ ಕೊಟ್ಟರೆ ಯಾವ ಫೈಲಿನ ಯಾವ ಸಾಲು ಅಡ್ಡ ಬಂದಿದೆ ಎಂದು ಅದೇ ತೋರಿಸುತ್ತದೆ. ಎಲ್ಲಿಂದಲೋ ನಕಲು ಮಾಡಿ ತಂದ .ಗಿಟ್‌ಇಗ್ನೋರ್‌ಗಳಲ್ಲಿ ‘.ವಿಎಸ್‌ಕೋಡ್/’ ಎಂಬ ಸಾಲು ಇರುವುದು ತೀರಾ ಸಾಮಾನ್ಯ. ಇಲ್ಲೊಂದು ಸೂಕ್ಷ್ಮವಿದೆ. ಆ ಸಾಲನ್ನು ಹಾಗೇ ಬಿಟ್ಟು ಕೆಳಗೆ ಆಶ್ಚರ್ಯಚಿಹ್ನೆ ಹಾಕಿ ‘!.ವಿಎಸ್‌ಕೋಡ್/ಸೆಟ್ಟಿಂಗ್ಸ್.ಜೇಸನ್’ ಎಂದು ಸೇರಿಸಿದರೆ ಕೆಲಸ ಆಗುವುದಿಲ್ಲ. ಫೋಲ್ಡರನ್ನೇ ಹೊರಗಿಟ್ಟ ಮೇಲೆ ಗಿಟ್ ಅದರೊಳಕ್ಕೆ ಇಣುಕುವುದೇ ಇಲ್ಲ. ಮೊದಲ ಸಾಲನ್ನು ‘.ವಿಎಸ್‌ಕೋಡ್/*’ ಎಂದು ಬದಲಿಸಬೇಕು. ಆಗ ಫೋಲ್ಡರಿನ ಬಾಗಿಲು ತೆರೆದಿರುತ್ತದೆ, ಒಳಗಿನ ಫೈಲುಗಳನ್ನಷ್ಟೇ ತಡೆದಂತಾಗುತ್ತದೆ. ಬೇಕಾದ್ದನ್ನು ಆಶ್ಚರ್ಯಚಿಹ್ನೆಯಿಂದ ವಾಪಸ್ ಕರೆಯಬಹುದು.

ಚೆಕ್-ಇಗ್ನೋರ್ ತೋರಿಸಿದ ಸಾಲು ರಿಪೊದಲ್ಲಿಲ್ಲದೆ ಬಳಕೆದಾರರ ಹೋಮ್ ಫೋಲ್ಡರಿನ ಯಾವುದೋ ಫೈಲಿನಲ್ಲಿದ್ದರೆ, ಅದು ಕೋರ್.ಎಕ್ಸ್‌ಕ್ಲೂಡ್ಸ್‌ಫೈಲ್ ಎಂಬ ಗಿಟ್ ಸೆಟ್ಟಿಂಗಿನ ಕೆಲಸ. ಹಳೆಯ ಕಂಪನಿಯಲ್ಲಿ ಯಾರೋ ಹಾಕಿಸಿಕೊಟ್ಟದ್ದು ಹೊಸ ಕೆಲಸಕ್ಕೂ ಲ್ಯಾಪ್‌ಟಾಪಿನ ಜೊತೆ ಬಂದಿರುತ್ತದೆ.

ಇನ್ನೊಂದು ಅಪರೂಪದ ಆದರೆ ತಲೆ ತಿನ್ನುವ ಪ್ರಕರಣ: ಫೈಲ್ ಟ್ರ್ಯಾಕ್ ಆಗಿದೆ, ಇವರ ಮಷೀನಿನಲ್ಲಿ ಬೇರೆಯದೇ ಮೌಲ್ಯಗಳಿವೆ, ಗಿಟ್ ಸ್ಟೇಟಸ್ ಮಾತ್ರ ಏನೂ ಬದಲಾಗಿಲ್ಲ ಎನ್ನುತ್ತದೆ. ಆಗ ‘ಗಿಟ್ ಎಲ್‌ಎಸ್-ಫೈಲ್ಸ್ -ವಿ’ ಕೊಟ್ಟು ಸಾಲಿನ ಮೊದಲ ಅಕ್ಷರ ನೋಡಿ. ದೊಡ್ಡ ‘ಎಸ್’ ಇದ್ದರೆ ಸ್ಕಿಪ್-ವರ್ಕ್‌ಟ್ರೀ, ಸಣ್ಣ ‘ಎಚ್’ ಇದ್ದರೆ ಅಸ್ಯೂಮ್-ಅನ್‌ಚೇಂಜ್ಡ್. ಯಾವತ್ತೋ ತಮ್ಮ ಬದಲಾವಣೆ ಕಮಿಟ್‌ಗೆ ಹೋಗದಿರಲಿ ಎಂದು ಈ ಗುರುತು ಹಾಕಿ ಮರೆತಿರುತ್ತಾರೆ.

ತಲುಪಿದೆ, ಎಡಿಟರ್ ಓದಿದೆಯೇ?

ವಿಎಸ್ ಕೋಡ್ ನೋಡುವುದು ನೀವು ತೆರೆದ ಫೋಲ್ಡರಿನ ತಲೆಮಟ್ಟದಲ್ಲಿರುವ .ವಿಎಸ್‌ಕೋಡ್ ಅನ್ನು ಮಾತ್ರ. ನಮ್ಮ ರಿಪೊದಲ್ಲಿ ಸರ್ವರ್ ಕೋಡ್ ಒಂದು ಫೋಲ್ಡರ್, ಅಂಗಡಿಯ ಪರದೆ ಇನ್ನೊಂದು, ಪ್ರಿಂಟಿಂಗ್ ಮತ್ತೊಂದು. ಪ್ರಿಂಟಿಂಗ್ ನೋಡುವವರು ಆ ಫೋಲ್ಡರನ್ನಷ್ಟೇ ತೆರೆದು ಕೂತರೆ, ಮೇಲಿನ ಹಂತದ ಸೆಟ್ಟಿಂಗ್ಸ್.ಜೇಸನ್ ಇದ್ದೂ ಇಲ್ಲದ ಹಾಗೆ. ಎಡಗಡೆಯ ಎಕ್ಸ್‌ಪ್ಲೋರರಿನಲ್ಲಿ ಎಲ್ಲಕ್ಕಿಂತ ಮೇಲೆ ಯಾವ ಹೆಸರಿದೆ ಎಂದು ಒಮ್ಮೆ ನೋಡಿದರೆ ಸಾಕು. ಫೋನಿನಲ್ಲಿ ಸಹಾಯ ಮಾಡುವಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಇದು: ‘ಅಕ್ಕಾ, ಎಡಗಡೆ ತುದೀಲಿ ದಪ್ಪಕ್ಷರದಾಗೆ ಏನ್ ಹೆಸರೈತಿ, ಓದ್ರಿ.’ ಅರ್ಧ ಕರೆಗಳು ಇಲ್ಲಿಗೇ ಮುಗಿಯುತ್ತವೆ.

ಹಲವು ಫೋಲ್ಡರುಗಳನ್ನು ಒಟ್ಟಿಗೆ ತೆರೆಯುವ .ಕೋಡ್-ವರ್ಕ್‌ಸ್ಪೇಸ್ ಫೈಲ್ ಬಳಸುವ ತಂಡದಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಪ್ರತಿ ಫೋಲ್ಡರಿನ ಸೆಟ್ಟಿಂಗ್ಸ್.ಜೇಸನ್‌ನಿಂದ ಆ ಫೋಲ್ಡರಿನ ಫೈಲುಗಳಿಗೆ ಸಂಬಂಧಿಸಿದವು ಮಾತ್ರ ನಡೆಯುತ್ತವೆ. ಇಡೀ ವಿಂಡೋಗೆ ತಾಗುವಂಥವು ನಡೆಯುವುದಿಲ್ಲ. ಎಡಿಟರ್ ಇದನ್ನು ಬಚ್ಚಿಡುವುದೂ ಇಲ್ಲ. ಸೆಟ್ಟಿಂಗ್ಸ್.ಜೇಸನ್ ತೆರೆದರೆ ನಡೆಯದ ಸಾಲುಗಳು ಮಂಕಾಗಿ ಕಾಣುತ್ತವೆ, ಮೌಸ್ ಅದರ ಮೇಲೆ ನಿಲ್ಲಿಸಿದರೆ ಕಾರಣ ಬರುತ್ತದೆ. ಅಪ್ಲಿಕೇಶನ್ ಮಟ್ಟದ ಸೆಟ್ಟಿಂಗನ್ನು ಯಾರಾದರೂ ವರ್ಕ್‌ಸ್ಪೇಸ್ ಫೈಲಿನಲ್ಲಿ ಬರೆದಿದ್ದರೂ ಹೀಗೇ ಮಂಕಾಗುತ್ತದೆ. ಅಂಥದ್ದನ್ನು ಹಂಚಲು ಬರುವುದಿಲ್ಲ, ಅಷ್ಟೇ. ಅಪರಿಚಿತ ಸೆಟ್ಟಿಂಗ್ ಎಂದು ಬಂದರೆ ಒಂದೋ ಹೆಸರಿನಲ್ಲಿ ಅಕ್ಷರ ತಪ್ಪಿದೆ, ಇಲ್ಲವೇ ಆ ಸೆಟ್ಟಿಂಗನ್ನು ತರುವ ಎಕ್ಸ್‌ಟೆನ್ಷನ್ ಈ ಮಷೀನಿನಲ್ಲಿಲ್ಲ. ಮಂಕಾದ ಸಾಲುಗಳನ್ನು ಓದುವ ಅಭ್ಯಾಸ ಮಾಡಿಕೊಂಡರೆ ಬಹಳ ಸಮಯ ಉಳಿಯುತ್ತದೆ.

ಮೂರನೆಯ ಕಾರಣ ವಿಶ್ವಾಸದ್ದು. 2021ರಿಂದ ವಿಎಸ್ ಕೋಡ್‌ನಲ್ಲಿ ವರ್ಕ್‌ಸ್ಪೇಸ್ ಟ್ರಸ್ಟ್ ಎಂಬ ವ್ಯವಸ್ಥೆ ಇದೆ. ಹೊಸದಾಗಿ ಕ್ಲೋನ್ ಮಾಡಿದ ಫೋಲ್ಡರ್ ತೆರೆದಾಗ ಇದನ್ನು ಬರೆದವರನ್ನು ನಂಬುತ್ತೀರಾ ಎಂದು ಕೇಳುತ್ತದಲ್ಲ, ಅದೇ. ಅಲ್ಲಿ ‘ಇಲ್ಲ’ ಒತ್ತಿದರೆ ನಿರ್ಬಂಧಿತ ಸ್ಥಿತಿಯಲ್ಲಿ ತೆರೆಯುತ್ತದೆ: ಟಾಸ್ಕ್, ಡಿಬಗಿಂಗ್ ನಡೆಯುವುದಿಲ್ಲ, ಹಲವು ಎಕ್ಸ್‌ಟೆನ್ಷನ್‌ಗಳು ಮಲಗುತ್ತವೆ, ಪ್ರೋಗ್ರಾಂ ಓಡಿಸಬಲ್ಲ ವರ್ಕ್‌ಸ್ಪೇಸ್ ಸೆಟ್ಟಿಂಗ್‌ಗಳು ಜಾರಿಗೆ ಬರುವುದಿಲ್ಲ. ಟ್ಯಾಬ್ ಅಗಲದಂಥವು ಮಾತ್ರ ನಡೆಯುತ್ತವೆ. ‘ಅರ್ಧ ಸೆಟ್ಟಿಂಗ್ ತಗೊಂಡಿದೆ, ಅರ್ಧ ತಗೊಂಡಿಲ್ಲ’ ಎಂಬ ವಿಚಿತ್ರ ದೂರು ಬಂದರೆ ಮೊದಲು ಕೆಳಗಿನ ಪಟ್ಟಿಯ ಎಡತುದಿಯಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಎಂದಿದೆಯೇ ನೋಡಿ. ನಿಮ್ಮದೇ ತಂಡದ ರಿಪೊ ಆದರೆ ನಂಬಿಕೆ ಕೊಡಿ. ಊರಿನ ಯಾವುದೋ ಕಾಲೇಜು ಹುಡುಗರು ಕಳಿಸಿದ ಪ್ರಾಜೆಕ್ಟ್ ಜಿಪ್ ಆದರೆ ಯೋಚಿಸಿ ಕೊಡಿ. ಆ ತಡೆ ಇರುವುದು ಸುಮ್ಮನಲ್ಲ.

ಓದಿದೆ, ಆದರೆ ನಡೆದದ್ದು ಬೇರೆಯವರ ಮಾತು

ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವ ಕ್ರಮ ಇದು: ಎಡಿಟರಿನ ಸ್ವಂತ ಮೌಲ್ಯ, ಅದರ ಮೇಲೆ ಬಳಕೆದಾರರ ಯೂಸರ್ ಸೆಟ್ಟಿಂಗ್, ಅದರ ಮೇಲೆ ವರ್ಕ್‌ಸ್ಪೇಸ್, ಅದರ ಮೇಲೆ ಫೋಲ್ಡರ್. ಒಳಗಿನದು ಹೊರಗಿನದನ್ನು ಮೀರುತ್ತದೆ. ಹಾಗಾಗಿ ವರ್ಕ್‌ಸ್ಪೇಸ್‌ನಲ್ಲಿ ಬರೆದರೆ ಯಾರ ಸ್ವಂತ ಸೆಟ್ಟಿಂಗೂ ತಲೆ ಎತ್ತುವುದಿಲ್ಲ ಎಂದುಕೊಳ್ಳುತ್ತೇವೆ.

ಆದರೆ ಒಂದು ಅಪವಾದವಿದೆ, ನಾನು ನೋಡಿದ ಜಗಳಗಳಲ್ಲಿ ಬಹುಪಾಲು ಅದರ ಕೂಸು. ಯಾವುದೋ ಒಂದು ಭಾಷೆಗೆಂದೇ ಬರೆದ ಸೆಟ್ಟಿಂಗ್, ಎಲ್ಲ ಭಾಷೆಗೂ ಎಂದು ಬರೆದದ್ದನ್ನು ಯಾವಾಗಲೂ ಮೀರುತ್ತದೆ. ಅದು ಹೊರಗಿನ ಹಂತದಲ್ಲಿದ್ದರೂ ಸರಿ. ತಂಡದ ಫೈಲಿನಲ್ಲಿ ಎಡಿಟರ್.ಡಿಫಾಲ್ಟ್‌ಫಾರ್ಮ್ಯಾಟರ್ ಎಂದು, ಕೋಡನ್ನು ಸಾಲುಗೂಡಿಸುವ (ಫಾರ್ಮ್ಯಾಟ್ ಮಾಡುವ) ಪ್ರೆಟಿಯರ್ ಎಂಬ ಸಾಧನವನ್ನು ಹಾಕಿದ್ದೀರಿ. ಒಬ್ಬರ ಯೂಸರ್ ಸೆಟ್ಟಿಂಗಿನಲ್ಲಿ, ಚೌಕ ಆವರಣದೊಳಗೆ ಜಾವಾಸ್ಕ್ರಿಪ್ಟ್ ಎಂದು ಬರೆದು ಅದರಡಿ ಬೇರೆ ಫಾರ್ಮ್ಯಾಟರ್ ಇದೆ. ಅವರ ಮಷೀನಿನಲ್ಲಿ ಗೆಲ್ಲುವುದು ಅವರದ್ದೇ. ಅವರಿಗೆ ಅದನ್ನು ಬರೆದ ನೆನಪೂ ಇರುವುದಿಲ್ಲ, ಯಾಕೆಂದರೆ ‘ಫಾರ್ಮ್ಯಾಟರ್ ಆರಿಸಿ’ ಎಂದು ಎಡಿಟರ್ ಕೇಳಿದಾಗ ಒಂದು ಹೆಸರು ಒತ್ತಿದ್ದಷ್ಟೇ. ಪರಿಹಾರ: ತಂಡದ ಫೈಲಿನಲ್ಲೂ ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್, ಜೇಸನ್ ಹೀಗೆ ನೀವು ಬಳಸುವ ಒಂದೊಂದು ಭಾಷೆಗೂ ಬೇರೆ ಬೇರೆಯಾಗಿಯೇ ಬರೆಯಿರಿ. ನೋಡಲು ಉದ್ದ ಎನಿಸುತ್ತದೆ, ಆದರೆ ಅದೇ ಗಟ್ಟಿ.

ಯಾರ ಮಾತು ನಡೆದಿದೆ ಎಂದು ಕಣ್ಣಾರೆ ನೋಡಲು ಸೆಟ್ಟಿಂಗ್ಸ್ ಪರದೆ ತೆರೆದು ಆ ಸೆಟ್ಟಿಂಗಿನ ಹೆಸರು ಹುಡುಕಿ. ಹೆಸರಿನ ಪಕ್ಕದಲ್ಲೇ ಇದು ಯೂಸರ್‌ನಲ್ಲೂ ಬದಲಾಗಿದೆ, ವರ್ಕ್‌ಸ್ಪೇಸ್‌ನಲ್ಲೂ ಬದಲಾಗಿದೆ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಹುಡುಕುವ ಜಾಗದಲ್ಲಿ ‘@ಮಾಡಿಫೈಡ್’ ಎಂದು ಕೊಟ್ಟರೆ ಆ ವ್ಯಕ್ತಿ ಬದಲಿಸಿಕೊಂಡದ್ದೆಲ್ಲ ಒಂದೇ ಕಡೆ ಸಿಗುತ್ತದೆ.

ಟ್ಯಾಬ್ ಅಗಲದ ದೂರಿಗೆ ಇನ್ನೊಬ್ಬ ಆರೋಪಿ ಎಡಿಟರ್.ಡಿಟೆಕ್ಟ್‌ಇಂಡೆಂಟೇಶನ್. ಇದು ಹುಟ್ಟಿನಿಂದಲೇ ಆನ್ ಆಗಿರುತ್ತದೆ. ಫೈಲ್ ತೆರೆದ ಕೂಡಲೇ ಅದರೊಳಗಿನ ಕೋಡ್ ನೋಡಿ ಎರಡೋ ನಾಲ್ಕೋ ಎಂದು ತಾನೇ ಊಹಿಸಿ, ನೀವು ಬರೆದ ಟ್ಯಾಬ್‌ಸೈಜ್ ಅನ್ನು ಪಕ್ಕಕ್ಕಿಡುತ್ತದೆ. ಹಳೆಯ ಫೈಲಿನಲ್ಲಿ ಎರಡು, ಹೊಸ ಫೈಲಿನಲ್ಲಿ ನಾಲ್ಕು ಕಂಡರೆ ಇದೇ ಕಾರಣ. ತಂಡದ ಫೈಲಿನಲ್ಲಿ ಇದನ್ನು ಆಫ್ ಮಾಡಬಹುದು, ಆದರೆ ಹಳೆಯ ಕೋಡನ್ನೆಲ್ಲ ಒಂದೇ ಅಳತೆಗೆ ತಂದ ಮೇಲೆ ಮಾತ್ರ. ಇಲ್ಲದಿದ್ದರೆ ಒಂದೇ ಫೈಲಿನಲ್ಲಿ ಎರಡೂ ಬೆರೆಯುತ್ತವೆ, ಮುಂಚೆಗಿಂತ ಅಧ್ವಾನ.

ಹಲವು ಎಡಿಟರುಗಳಿಗೆ ಸೇರಿಸಿ ಇಂಡೆಂಟ್ ಅಳತೆ ಬರೆದಿಡುವ .ಎಡಿಟರ್‌ಕಾನ್ಫಿಗ್ ಫೈಲೂ ಇದ್ದರೆ ಲೆಕ್ಕ ಇನ್ನಷ್ಟು ಗೋಜಲು. ವಿಎಸ್ ಕೋಡ್ ಅದನ್ನು ತಾನಾಗಿ ಓದುವುದಿಲ್ಲ, ಅದಕ್ಕೆ ಎಕ್ಸ್‌ಟೆನ್ಷನ್ ಬೇಕು. ಹಾಕಿಕೊಂಡವರಿಗೆ ಒಂದು ಅಳತೆ, ಹಾಕಿಕೊಳ್ಳದವರಿಗೆ ಇನ್ನೊಂದು. ಮೇಲಾಗಿ ಅದು ಫೈಲ್ ಇರುವ ಫೋಲ್ಡರಿನಿಂದ ಶುರುಮಾಡಿ ಮೇಲುಮೇಲಿನ ಫೋಲ್ಡರುಗಳನ್ನು ಹುಡುಕುತ್ತಾ ಹೋಗುತ್ತದೆ; ‘ರೂಟ್ = ಟ್ರೂ’ ಎಂಬ ಸಾಲು ಸಿಕ್ಕಿದರೆ ಮಾತ್ರ ನಿಲ್ಲುತ್ತದೆ. ಆ ಸಾಲು ನಿಮ್ಮ ರಿಪೊದಲ್ಲಿಲ್ಲದಿದ್ದರೆ ಒಬ್ಬರ ಹೋಮ್ ಫೋಲ್ಡರಿನಲ್ಲಿ ಬಿದ್ದಿರುವ ಹಳೆಯ ಫೈಲೂ ನಿಮ್ಮ ಕೋಡಿನ ಮೇಲೆ ದರ್ಬಾರು ನಡೆಸಬಹುದು.

ಸೇವ್ ಕೊಟ್ಟರೂ ಫಾರ್ಮ್ಯಾಟ್ ಆಗದಿದ್ದರೆ

ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಎಂದು ನಮ್ಮ ಕಡೆ ಬಹಳ ಜನ ಆಟೋಸೇವ್ ಹಾಕಿಕೊಂಡಿರುತ್ತಾರೆ. ಸ್ವಲ್ಪ ಹೊತ್ತು ಕೈ ಬಿಟ್ಟರೆ ಫೈಲ್ ತಾನಾಗಿ ಸೇವ್ ಆಗುವ ಆಫ್ಟರ್‌ಡಿಲೇ ಆಯ್ಕೆ. ಇದು ಫಾರ್ಮ್ಯಾಟ್ ಆನ್ ಸೇವ್ ಜೊತೆ ಹೊಂದುವುದಿಲ್ಲ: ಹಾಗೆ ತಾನಾಗಿ ಸೇವ್ ಆದಾಗ ವಿಎಸ್ ಕೋಡ್ ಫಾರ್ಮ್ಯಾಟ್ ಮಾಡುವುದೇ ಇಲ್ಲ, ಉದ್ದೇಶಪೂರ್ವಕವಾಗಿಯೇ. ಟೈಪ್ ಮಾಡುತ್ತಿರುವಾಗ ಮಧ್ಯೆ ಕೋಡ್ ಕುಣಿದಾಡಬಾರದಲ್ಲ. ಕೀಲಿ ಒತ್ತಿ ಸೇವ್ ಮಾಡಿದಾಗ ಮಾತ್ರ ಫಾರ್ಮ್ಯಾಟ್ ಆಗುತ್ತದೆ. ಆಟೋಸೇವ್ ಇರುವವರು ಆ ಕೀಲಿಯನ್ನು ಮುಟ್ಟುವುದೇ ಇಲ್ಲ. ಆಟೋಸೇವ್ ಬೇಡ ಎಂದು ಅವರಿಗೆ ಹೇಳಬೇಕಿಲ್ಲ, ಅವರ ಭಯ ನ್ಯಾಯವಾದದ್ದೇ. ಆಫ್ಟರ್‌ಡಿಲೇ ಬದಲು ಆನ್‌ಫೋಕಸ್‌ಚೇಂಜ್ ಹಾಕಿಸಿ: ಇನ್ನೊಂದು ಫೈಲಿಗೋ ಟರ್ಮಿನಲ್ಲಿಗೋ ಹೋದಾಗ ಸೇವ್ ಆಗುತ್ತದೆ, ಫಾರ್ಮ್ಯಾಟೂ ಆಗುತ್ತದೆ.

ಆಟೋಸೇವ್ ಇಲ್ಲದೆಯೂ ಆಗುತ್ತಿಲ್ಲವೆಂದರೆ ಔಟ್‌ಪುಟ್ ಫಲಕ ತೆರೆದು ಪ್ರೆಟಿಯರ್ ಚಾನೆಲ್ ಆರಿಸಿ, ಸೇವ್ ಕೊಡಿ. ಫೈಲ್ ಸಿಗಲಿಲ್ಲ, ವಾಕ್ಯರಚನೆ ತಪ್ಪಿದೆ, ಪ್ಯಾಕೇಜ್ ಲೋಡ್ ಆಗಲಿಲ್ಲ, ಏನೇ ಆದರೂ ಅಲ್ಲಿ ಬಂದಿರುತ್ತದೆ. ಪ್ರಾಜೆಕ್ಟಿನಲ್ಲಿ ಪ್ರೆಟಿಯರ್‌ನ ಸ್ವಂತ ಸೆಟ್ಟಿಂಗ್ ಫೈಲಾದ .ಪ್ರೆಟಿಯರ್‌ಆರ್‌ಸಿ ಅಥವಾ .ಎಡಿಟರ್‌ಕಾನ್ಫಿಗ್ ಇದ್ದರೆ ಪ್ರೆಟಿಯರ್ ಎಕ್ಸ್‌ಟೆನ್ಷನ್ ಸೆಟ್ಟಿಂಗ್ಸ್.ಜೇಸನ್‌ನಲ್ಲಿ ಪ್ರೆಟಿಯರ್ ಹೆಸರಿನಡಿ ಬರೆದ ಆಯ್ಕೆಗಳನ್ನು ಕೈಬಿಡುತ್ತದೆ, ಆ ಸಂಗತಿಯನ್ನೂ ಅಲ್ಲೇ ಹೇಳುತ್ತದೆ. ಎರಡು ಕಡೆ ಬರೆದು ಒಂದು ಕಡೆ ಮಾತ್ರ ತಿದ್ದುವ ತಂಡಗಳಿಗೆ ಈ ಸಾಲು ಕಣ್ಣು ತೆರೆಸುತ್ತದೆ. ಫಾರ್ಮ್ಯಾಟಿಂಗ್ ಆಯ್ಕೆಗಳು .ಪ್ರೆಟಿಯರ್‌ಆರ್‌ಸಿಯಲ್ಲೇ ಇರಲಿ, ಎಡಿಟರ್ ಬದಲಾದರೂ, ಬಿಲ್ಡ್ ಸರ್ವರ್ ಆದರೂ ಅದನ್ನೇ ಓದುತ್ತವೆ.

ಫಾರ್ಮ್ಯಾಟ್ ಆಗುತ್ತಿದೆ, ಆದರೆ ಇಬ್ಬರದ್ದೂ ಬೇರೆ ಬೇರೆ ಥರ ಎಂದಾದರೆ ಪ್ರೆಟಿಯರ್ ಆವೃತ್ತಿ ಹೋಲಿಸಿ. ಪ್ಯಾಕೇಜ್.ಜೇಸನ್‌ನಲ್ಲಿ ಆವೃತ್ತಿಯ ಮುಂದೆ ಟೋಪಿ ಚಿಹ್ನೆ (^) ಇದ್ದು, ನಿಖರ ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲ್ ಕಮಿಟ್ ಆಗಿಲ್ಲವೆಂದರೆ ಬೇರೆ ಬೇರೆ ದಿನ ಇನ್‌ಸ್ಟಾಲ್ ಮಾಡಿದವರಿಗೆ ಬೇರೆ ಬೇರೆ ಆವೃತ್ತಿ ಬಂದಿರುತ್ತದೆ. ಲಾಕ್ ಫೈಲ್ ರಿಪೊಗೆ ಹಾಕಿ, ಎನ್‌ಪಿಎಂ ಇನ್‌ಸ್ಟಾಲ್ ಬದಲು ಲಾಕ್ ಫೈಲಿನಲ್ಲಿರುವ ಆವೃತ್ತಿಗಳನ್ನೇ ಹಾಕುವ ಎನ್‌ಪಿಎಂ ಸಿಐ ಬಳಸಲು ಹೇಳಿ.

ಇಡೀ ಫೈಲ್ ಕೆಂಪು-ಹಸಿರು

‘ಸರ್, ನಾನು ಮುಟ್ಟಿದ್ದು ಒಂದ್ ಸಾಲು ರೀ. ಡಿಫ್‌ನಾಗೆ ಪೂರ್ತಿ ಫೈಲ್ ಕೆಂಪು-ಹಸಿರು ಆಗೇತಿ.’ ಹೊಸದಾಗಿ ಸೇರಿದ ಯಾರಿಂದಲಾದರೂ ಈ ಮಾತು ಬಂದೇ ಬರುತ್ತದೆ. ಎಡಗಡೆಯ ಸಾಲಿಗೂ ಬಲಗಡೆಯ ಸಾಲಿಗೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದಿದ್ದರೆ ಅದು ಸಾಲಿನ ಕೊನೆಯ ಗುರುತಿನ ಸಮಸ್ಯೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಅದೃಶ್ಯ ಅಕ್ಷರ ಹಾಕುತ್ತದೆ, ಸಿಆರ್‌ಎಲ್‌ಎಫ್. ಲಿನಕ್ಸ್ ಮತ್ತು ಮ್ಯಾಕ್ ಒಂದೇ ಹಾಕುತ್ತವೆ, ಎಲ್‌ಎಫ್.

ಇಲ್ಲಿ ಊಹೆ ಬೇಡವೇ ಬೇಡ. ‘ಗಿಟ್ ಎಲ್‌ಎಸ್-ಫೈಲ್ಸ್ --ಇಒಎಲ್’ ಕೊಡಿ. ಪ್ರತಿ ಫೈಲಿಗೂ ‘ಐ/’ ಎಂಬುದರ ಮುಂದೆ ಗಿಟ್‌ನೊಳಗೆ ಏನಿದೆ, ‘ಡಬ್ಲ್ಯು/’ ಎಂಬುದರ ಮುಂದೆ ನಿಮ್ಮ ಡಿಸ್ಕಿನಲ್ಲಿ ಏನಿದೆ ಎಂದು ಬರುತ್ತದೆ. ಒಳಗೆ ಎಲ್‌ಎಫ್, ಡಿಸ್ಕಿನಲ್ಲಿ ಸಿಆರ್‌ಎಲ್‌ಎಫ್ ಎಂದರೆ ಗಿಟ್ ಪರಿವರ್ತನೆ ಮಾಡಿ ಕೊಟ್ಟಿದೆ. ಒಳಗೇ ಸಿಆರ್‌ಎಲ್‌ಎಫ್ ಅಥವಾ ಮಿಕ್ಸ್‌ಡ್ ಎಂದಿದ್ದರೆ ಯಾರೋ ಹಾಗೇ ಕಮಿಟ್ ಮಾಡಿಬಿಟ್ಟಿದ್ದಾರೆ, ರೋಗದ ಮೂಲ ಅಲ್ಲಿ. ನಂತರ ‘ಗಿಟ್ ಕಾನ್ಫಿಗ್ --ಶೋ-ಆರಿಜಿನ್ --ಗೆಟ್ ಕೋರ್.ಆಟೋಸಿಆರ್‌ಎಲ್‌ಎಫ್’ ಕೊಟ್ಟರೆ ಈ ಮಷೀನಿನ ನೀತಿ ಏನು, ಅದು ಯಾವ ಫೈಲಿನಿಂದ ಬಂತು ಎರಡೂ ತಿಳಿಯುತ್ತವೆ. ವಿಂಡೋಸ್‌ಗೆ ಗಿಟ್ ಹಾಕುವಾಗ ನೆಕ್ಸ್ಟ್, ನೆಕ್ಸ್ಟ್ ಒತ್ತಿಕೊಂಡು ಹೋದವರಿಗೆ ಇದು ಟ್ರೂ ಆಗಿರುತ್ತದೆ. ಯಾವುದೋ ಪರದೆಯಲ್ಲಿ ಬೇರೆ ಗುಂಡಿ ಆರಿಸಿದವರಿಗೆ ಫಾಲ್ಸ್ ಅಥವಾ ಇನ್‌ಪುಟ್. ಒಂದೇ ಆಫೀಸಿನ ಎರಡು ವಿಂಡೋಸ್ ಮಷೀನು ಎರಡು ಥರ ನಡೆದುಕೊಳ್ಳಲು ಇಷ್ಟು ಸಾಕು.

ಸೆಟ್ಟಿಂಗ್ಸ್.ಜೇಸನ್‌ನಲ್ಲಿ ಫೈಲ್ಸ್.ಇಒಎಲ್ ಹಾಕಿದರೆ ಮುಗಿಯಿತು ಎಂದುಕೊಳ್ಳುವವರು ಬಹಳ. ಅದು ಹೊಸದಾಗಿ ಹುಟ್ಟುವ ಫೈಲಿಗೆ ಮಾತ್ರ. ಇದ್ದ ಫೈಲನ್ನು ಬದಲಿಸುವುದಿಲ್ಲ. ಇನ್ನು ಪ್ರೆಟಿಯರ್ 2020ರ 2.0 ಆವೃತ್ತಿಯಿಂದ ಎಲ್‌ಎಫ್ ಅನ್ನೇ ತನ್ನ ಪೂರ್ವನಿಯೋಜಿತ ಆಯ್ಕೆ ಮಾಡಿಕೊಂಡಿದೆ. ಗಿಟ್ ಡಿಸ್ಕಿಗೆ ಸಿಆರ್‌ಎಲ್‌ಎಫ್ ಬರೆಯುತ್ತದೆ, ಪ್ರೆಟಿಯರ್ ಎಲ್‌ಎಫ್ ಬೇಕೆನ್ನುತ್ತದೆ. ಪ್ರೆಟಿಯರ್ ನಿಯಮವನ್ನು ಲಿಂಟ್ (ಕೋಡಿನ ತಪ್ಪು ಎತ್ತಿ ತೋರಿಸುವ ಸಾಧನ) ಮೂಲಕ ಓಡಿಸುವ ತಂಡದಲ್ಲಿ ಪ್ರತಿ ಸಾಲಿನ ಕೊನೆಗೂ ಕೆಂಪು ಗೆರೆ. ಸಾವಿರ ಸಾಲಿನ ಫೈಲಿಗೆ ಸಾವಿರ ತಪ್ಪು. ಆಗ ಲಿಂಟ್ ನಿಯಮವನ್ನೇ ಆಫ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಥರ್ಮಾಮೀಟರ್ ಒಡೆದು ಜ್ವರ ಇಳಿಸಿದಂತೆ.

ಸರಿಯಾದ ಜಾಗ, ಯಾವ ಫೈಲನ್ನು ಗಿಟ್ ಹೇಗೆ ನಡೆಸಿಕೊಳ್ಳಬೇಕು ಎಂದು ಬರೆಯುವ .ಗಿಟ್‌ಆಟ್ರಿಬ್ಯೂಟ್ಸ್ ಫೈಲ್. ಇದು ರಿಪೊದ ಜೊತೆಗೇ ಎಲ್ಲರಿಗೂ ತಲುಪುತ್ತದೆ, ಯಾರ ಮಷೀನಿನ ಆಟೋಸಿಆರ್‌ಎಲ್‌ಎಫ್ ಏನೇ ಇದ್ದರೂ ಅದನ್ನು ಮೀರುತ್ತದೆ. ಅದರಲ್ಲಿ ‘* ಟೆಕ್ಸ್ಟ್=ಆಟೋ ಇಒಎಲ್=ಎಲ್‌ಎಫ್’ ಎಂದು ಬರೆದು, ವಿಂಡೋಸ್‌ನ .ಬ್ಯಾಟ್ ಫೈಲುಗಳಿಗೆ ಮಾತ್ರ ಇಒಎಲ್=ಸಿಆರ್‌ಎಲ್‌ಎಫ್ ಎಂದು ಬೇರೆ ಸಾಲು ಕೊಡಿ. ಶೆಲ್ ಸ್ಕ್ರಿಪ್ಟಿನಲ್ಲಿ ಸಿಆರ್‌ಎಲ್‌ಎಫ್ ಸೇರಿದರೆ ಲಿನಕ್ಸ್ ಸರ್ವರ್ ಇಂಥ ಇಂಟರ್‌ಪ್ರಿಟರ್ (ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಇಲ್ಲ ಎಂದು ಹೇಳಿ, ಬ್ಯಾಷ್ ಹೆಸರಿನ ಬಾಲಕ್ಕೆ ಟೋಪಿ-ಎಂ ಅಂಟಿಸಿ ತೋರಿಸುತ್ತದೆ. ಆ ಟೋಪಿ-ಎಂ ಕಂಡರೆ ಬೇರೇನೂ ಹುಡುಕಬೇಡಿ.

ಆಮೇಲೆ, ಇದ್ದ ಫೈಲುಗಳನ್ನೂ ಈ ಹೊಸ ನಿಯಮಕ್ಕೆ ತರಲು, ‘ಗಿಟ್ ಆ್ಯಡ್ --ರೀನಾರ್ಮಲೈಸ್ .’ ಕೊಟ್ಟು ಒಂದು ಪ್ರತ್ಯೇಕ ಕಮಿಟ್. ಅದರಲ್ಲಿ ಬೇರೆ ಒಂದು ಅಕ್ಷರವೂ ಬೆರೆಯಬಾರದು. ತೆರೆದಿರುವ ಬ್ರಾಂಚುಗಳೆಲ್ಲ ಮರ್ಜ್ ಆಗಿರುವ ಹೊತ್ತು ನೋಡಿ ಮಾಡಿ. ನಾವು ಶನಿವಾರ ಸಂಜೆ, ಎಪಿಎಂಸಿ ಕಡೆಯ ಫೋನ್ ತಣ್ಣಗಾದ ಮೇಲೆ ಮಾಡುತ್ತೇವೆ. ಈ ಕಮಿಟ್‌ನ ಗುರುತನ್ನು .ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಎಂಬ ಫೈಲಿನಲ್ಲಿ ಬರೆದಿಟ್ಟು, ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್ ಸೆಟ್ಟಿಂಗಿಗೆ ಆ ಹೆಸರು ಕೊಟ್ಟರೆ, ಪ್ರತಿ ಸಾಲನ್ನು ಯಾರು ಬರೆದರೆಂದು ಹೇಳುವ ಗಿಟ್ ಬ್ಲೇಮ್ ಆ ಕಮಿಟ್ ದಾಟಿ ನಿಜವಾದ ಲೇಖಕರನ್ನೇ ತೋರಿಸುತ್ತದೆ. ಗಿಟ್ 2.23ರಿಂದ, ಅಂದರೆ 2019ರಿಂದ ಈ ಸೌಲಭ್ಯ ಇದೆ. ಉಳಿದವರು ತಮ್ಮ ಕೆಲಸ ಪುಶ್ ಮಾಡಿ, ಹೊಸದಾಗಿ ಕ್ಲೋನ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಹಳೆಯ ಫೋಲ್ಡರಿನಲ್ಲಿ ಡಿಸ್ಕಿನ ಮೇಲೆ ಸಿಆರ್‌ಎಲ್‌ಎಫ್ ಉಳಿದುಕೊಂಡು ಗೊಂದಲ ಮುಂದುವರಿಯುತ್ತದೆ.

ಕನ್ನಡ ಅಕ್ಷರ ಕೆಟ್ಟರೆ

ಚೀಟಿಯ ಮೇಲೆ ‘ಮೆಕ್ಕೆಜೋಳ’, ‘ಚೀಲ’, ‘ಹಮಾಲಿ’ ಎಂದು ಕನ್ನಡದಲ್ಲೇ ಬರಬೇಕು, ಹಾಗಾಗಿ ಕೋಡಿನಲ್ಲಿ ಕನ್ನಡ ಪದಗಳಿವೆ. ಒಂದು ದಿನ ಅವುಗಳ ಜಾಗದಲ್ಲಿ ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟಾಣಿ ಎರಡು ಅಥವಾ ಮೂರರ ಅಂಕಿ, ಮತ್ತೆ ಅದೇ ‘ಎ’ ಹೀಗೆ ಸಾಲು ಕಂಡರೆ ಗಾಬರಿ ಬೇಡ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. ಅದನ್ನು ವಿಂಡೋಸ್-1252 ಎಂದು ಓದಿದರೆ ಮೊದಲ ಬೈಟ್ ಆ ‘ಎ’ ಆಗಿ, ಎರಡನೆಯದು ಪುಟಾಣಿ ಅಂಕಿಯಾಗಿ ಕಾಣುತ್ತದೆ. ಫೈಲ್ ಇನ್ನೂ ಕೆಟ್ಟಿಲ್ಲ, ಓದುವ ರೀತಿ ತಪ್ಪಿದೆ. ಈ ಹಂತದಲ್ಲಿ ಸೇವ್ ಮಾತ್ರ ಕೊಡಬೇಡಿ. ಕೆಳಗಿನ ಪಟ್ಟಿಯಲ್ಲಿ ಎನ್‌ಕೋಡಿಂಗ್ ಹೆಸರಿನ ಮೇಲೆ ಒತ್ತಿ, ‘ರೀಓಪನ್’ ಆಯ್ಕೆಯಿಂದ ಯುಟಿಎಫ್-8 ಆರಿಸಿ. ‘ಸೇವ್ ವಿತ್’ ಆರಿಸಿದರೆ ಆ ಕಸವೇ ಅಧಿಕೃತವಾಗಿಬಿಡುತ್ತದೆ.

ಕಾರಣ ಸಾಮಾನ್ಯವಾಗಿ ಆ ವ್ಯಕ್ತಿಯ ಯೂಸರ್ ಸೆಟ್ಟಿಂಗಿನಲ್ಲಿರುವ ಫೈಲ್ಸ್.ಎನ್‌ಕೋಡಿಂಗ್ ಅಥವಾ ಆನ್ ಆಗಿರುವ ಫೈಲ್ಸ್.ಆಟೋಗೆಸ್‌ಎನ್‌ಕೋಡಿಂಗ್. ಎರಡನ್ನೂ ತಂಡದ ಫೈಲಿನಲ್ಲಿ ಸ್ಪಷ್ಟವಾಗಿ ಬರೆಯಿರಿ: ಮೊದಲನೆಯದು ಯುಟಿಎಫ್8, ಎರಡನೆಯದು ಫಾಲ್ಸ್. ಪೂರ್ವನಿಯೋಜಿತವೂ ಅದೇ ಅಲ್ಲವೇ ಎಂದರೆ ಹೌದು; ಆದರೂ ಬರೆಯಬೇಕು, ಯೂಸರ್ ಸೆಟ್ಟಿಂಗನ್ನು ಮೀರಲು. ಹಳೆಯ ನುಡಿ ಫಾಂಟಿನಲ್ಲಿ ಆಸ್ಕಿ ಸಂಕೇತಗಳಾಗಿ ಟೈಪ್ ಮಾಡಿದ ಪಠ್ಯ ಮಾತ್ರ ಬೇರೆ ವಿಷಯ. ಅದು ಎನ್‌ಕೋಡಿಂಗ್ ಬದಲಿಸಿದರೆ ಸರಿಹೋಗುವುದಿಲ್ಲ, ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು.

ಇನ್ನೊಂದು: ‘ಸಾಫ್ಟ್‌ವೇರ್’ ಥರದ ಪದದ ನಡುವೆ ಒತ್ತಕ್ಷರ ಕೂಡದಂತೆ ತಡೆಯುವ ಅದೃಶ್ಯ ಅಕ್ಷರವೊಂದಿರುತ್ತದೆ. ವಿಎಸ್ ಕೋಡ್ ಅದನ್ನು ಅನುಮಾನಾಸ್ಪದ ಎಂದು ಚೌಕ ಹಾಕಿ ತೋರಿಸುತ್ತದೆ, ಶಿಸ್ತಿನ ಹುಡುಗರು ಅಳಿಸಿಬಿಡುತ್ತಾರೆ, ಚೀಟಿಯಲ್ಲಿ ‘ಸಾಫ್ಟ್ವೇರ್’ ಎಂದು ಬರುತ್ತದೆ. ಎಡಿಟರ್.ಯೂನಿಕೋಡ್‌ಹೈಲೈಟ್.ಅಲೌಡ್‌ಕ್ಯಾರೆಕ್ಟರ್ಸ್‌ನಲ್ಲಿ ಆ ಅಕ್ಷರಕ್ಕೆ ಅನುಮತಿ ಬರೆದರೆ ಚೌಕ ಮಾಯ.

ಎಕ್ಸ್‌ಟೆನ್ಷನ್, ಪಾತ್, ಇಂಟರ್‌ಪ್ರಿಟರ್

ಎಕ್ಸ್‌ಟೆನ್ಷನ್ಸ್.ಜೇಸನ್ ಬರೀ ಶಿಫಾರಸು. ಅದು ಏನನ್ನೂ ತಾನಾಗಿ ಹಾಕುವುದಿಲ್ಲ. ಹಾಕಲೇ ಎಂದು ಕೇಳುತ್ತದೆ, ಅಷ್ಟೇ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತವರು ಆ ಸೂಚನೆಯನ್ನು ಮುಚ್ಚಿ ಮುಂದೆ ಹೋಗಿರುತ್ತಾರೆ, ಮತ್ತೆ ಕೇಳಬೇಡ ಎಂದು ಒತ್ತಿದ್ದರೆ ಅದು ಮತ್ತೆ ಬರುವುದೂ ಇಲ್ಲ. ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ‘@ರೆಕಮೆಂಡೆಡ್’ ಎಂದು ಹುಡುಕಿ ಒಂದೊಂದಾಗಿ ಹಾಕಿಸಿ.

ಪ್ರೋಗ್ರಾಂ ಓಡಿಸಿ ಡಿಬಗ್ ಮಾಡುವ ರೀತಿ ಬರೆದಿಡುವ ಲಾಂಚ್.ಜೇಸನ್‌ನಲ್ಲಿ ‘ಸಿ:’ ಎಂದು ಶುರುವಾಗುವ ಪಾತ್ ಕಂಡರೆ ಅದು ಬರೆದವರ ಮಷೀನಿಗೆ ಮಾತ್ರ ಸೇರಿದ್ದು. ಡಾಲರ್ ಚಿಹ್ನೆ ಹಾಕಿ ಹೂವಿನ ಆವರಣದಲ್ಲಿ ವರ್ಕ್‌ಸ್ಪೇಸ್‌ಫೋಲ್ಡರ್ ಎಂದು ಬರೆಯಿರಿ. ಡೇಟಾಬೇಸ್ ಪಾಸ್‌ವರ್ಡ್ ಇಲ್ಲಿ ಬೇಡವೇ ಬೇಡ. ಎನ್ವ್‌ಫೈಲ್ ಮೂಲಕ ಕಮಿಟ್ ಆಗದ .ಎನ್ವ್ ಫೈಲನ್ನು ತೋರಿಸಿ. ಈಗಾಗಲೇ ಪುಶ್ ಆಗಿದ್ದರೆ ಸಾಲು ಅಳಿಸಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ ಇದ್ದೇ ಇರುತ್ತದೆ. ಪಾಸ್‌ವರ್ಡನ್ನೇ ಬದಲಿಸಿ.

ಪೈಥಾನ್‌ನವರ ದೂರು ಬೇರೆ. ಪೈಥಾನ್.ಡಿಫಾಲ್ಟ್‌ಇಂಟರ್‌ಪ್ರಿಟರ್‌ಪಾತ್ ಬದಲಿಸಿ ಪುಶ್ ಮಾಡಿದರೂ ಕೆಲವರಿಗೆ ಹಳೆಯ ಪೈಥಾನೇ ಓಡುತ್ತದೆ. ಆ ವರ್ಕ್‌ಸ್ಪೇಸ್‌ಗೆ ಅವರು ಒಮ್ಮೆ ಕೈಯಾರೆ ಇಂಟರ್‌ಪ್ರಿಟರ್ ಆರಿಸಿದ್ದರೆ, ಆಮೇಲೆ ಈ ಸೆಟ್ಟಿಂಗಿನ ಬದಲಾವಣೆಯನ್ನು ಎಡಿಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಮಾಂಡ್ ಪ್ಯಾಲೆಟ್‌ನಲ್ಲಿ ವರ್ಕ್‌ಸ್ಪೇಸ್‌ನ ಇಂಟರ್‌ಪ್ರಿಟರ್ ಆಯ್ಕೆ ತೆರವು ಮಾಡುವ ಆಜ್ಞೆ ಇದೆ, ಅದನ್ನು ಓಡಿಸಬೇಕು. ಟೈಪ್‌ಸ್ಕ್ರಿಪ್ಟ್.ಟಿಎಸ್‌ಡಿಕೆ ಕೂಡ ಹೀಗೇ: ಪ್ರಾಜೆಕ್ಟಿನ ಟೈಪ್‌ಸ್ಕ್ರಿಪ್ಟ್ ಎಲ್ಲಿದೆ ಎಂದು ತೋರಿಸುತ್ತದೆ, ಬಳಸುತ್ತೇನೆ ಎಂದು ಪ್ರತಿಯೊಬ್ಬರೂ ತಮ್ಮ ಕಡೆ ಒಮ್ಮೆ ಒಪ್ಪಬೇಕು.

ಇಂಟೆಲಿಜೆ ಎಂಬ ಇನ್ನೊಂದು ಎಡಿಟರ್ (ಐಡಿಇ) ಬಳಸುವವರಲ್ಲಿ ಕೋಡ್ ಸ್ಟೈಲ್ ಹಂಚಿಕೆಯಾಗದಿದ್ದರೆ, ಅವರು ಆರಿಸಿರುವ ಸ್ಕೀಮ್ ಪ್ರಾಜೆಕ್ಟ್ ಹೆಸರಿನದೋ ಐಡಿಇಯದೋ ನೋಡಿ. ಐಡಿಇಯದಾದರೆ ಅದು ಅವರ ಮಷೀನಿನಲ್ಲೇ ಉಳಿಯುತ್ತದೆ, ಪ್ರಾಜೆಕ್ಟಿನದಾದರೆ .ಐಡಿಯಾ ಫೋಲ್ಡರಿನ ಕೋಡ್‌ಸ್ಟೈಲ್ಸ್‌ಗೆ ಬರುತ್ತದೆ. ಅದೇ ಫೋಲ್ಡರಿನ ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್ ಮಾತ್ರ ಎಂದೂ ಕಮಿಟ್ ಆಗಬಾರದು. ಹೆಸರು ನೋಡಿ ಮೋಸ ಹೋಗಬೇಡಿ, ಅದರಲ್ಲಿರುವುದು ಒಬ್ಬರ ವೈಯಕ್ತಿಕ ಸ್ಥಿತಿ.

ಫೈಲಿನಲ್ಲಿ ಏನಿರಬೇಕು ಎಂಬ ಜಗಳ

ನನ್ನ ಅಭಿಪ್ರಾಯ ಕಟುವಾಗಿಯೇ ಇದೆ: ಕಮಿಟ್ ಆಗುವ ಬೈಟುಗಳನ್ನು ಬದಲಿಸುವ ಸೆಟ್ಟಿಂಗ್ ಮಾತ್ರ ತಂಡದ ಫೈಲಿಗೆ. ಇಂಡೆಂಟ್, ಎನ್‌ಕೋಡಿಂಗ್, ಫಾರ್ಮ್ಯಾಟರ್, ಜೊತೆಗೆ ಹುಡುಕಾಟದಿಂದ ಹೊರಗಿಡಬೇಕಾದ ಬಿಲ್ಡ್ ಫೋಲ್ಡರ್. ಥೀಮ್, ಫಾಂಟ್ ಗಾತ್ರ, ಮಿನಿಮ್ಯಾಪ್ ಇವಕ್ಕೆ ಅಲ್ಲಿ ಜಾಗವಿಲ್ಲ. ಕಣ್ಣಿನ ತೊಂದರೆಯಿಂದ ದೊಡ್ಡ ಅಕ್ಷರ ಇಟ್ಟುಕೊಂಡವರ ಪರದೆಯನ್ನು ಬೆಂಗಳೂರಿನಲ್ಲಿ ಕೂತ ಯಾರದೋ ಕಮಿಟ್ ಚಿಕ್ಕದು ಮಾಡಿದರೆ ಅವರು ಸುಮ್ಮನೆ ಸ್ಕಿಪ್-ವರ್ಕ್‌ಟ್ರೀ ಹಾಕುತ್ತಾರೆ, ಮುಂದೆ ನೀವು ಏನು ಪುಶ್ ಮಾಡಿದರೂ ಅವರಿಗೆ ತಲುಪುವುದಿಲ್ಲ. ವೈಯಕ್ತಿಕವಾದದ್ದನ್ನು ತನ್ನದೇ ಮಷೀನುಗಳ ನಡುವೆ ಒಯ್ಯಲು ಸೆಟ್ಟಿಂಗ್ಸ್ ಸಿಂಕ್ ಇದೆ. ಅದು ತಂಡದ ಹಂಚಿಕೆಗೆ ಅಲ್ಲ.

ಸರಿಯಾಯಿತು ಎನ್ನುವುದು ಯಾವಾಗ

‘ಈಗ ಬಂತು ಸರ್’ ಎಂದರೆ ಟಿಕೆಟ್ ಮುಚ್ಚಬೇಡಿ. ಅದೇ ಮಷೀನಿನಲ್ಲಿ ಬೇರೆ ಫೋಲ್ಡರಿಗೆ ಹೊಸ ಕ್ಲೋನ್ ತೆಗೆದು, ಎಡಿಟರಿನಲ್ಲಿ ತಾತ್ಕಾಲಿಕ ಪ್ರೊಫೈಲ್ ಒಂದನ್ನು ಮಾಡಿ ತೆರೆಯಿರಿ. ಅದರಲ್ಲಿ ಅವರ ಸ್ವಂತ ಸೆಟ್ಟಿಂಗ್, ಎಕ್ಸ್‌ಟೆನ್ಷನ್ ಏನೂ ಇರುವುದಿಲ್ಲ. ಶಿಫಾರಸಾದವನ್ನು ಹಾಕಿ, ಎನ್‌ಪಿಎಂ ಸಿಐ ಓಡಿಸಿ, ಕನ್ನಡ ಪದಗಳಿರುವ ಒಂದು ಫೈಲ್ ತೆರೆದು ಕೊನೆಯಲ್ಲೊಂದು ಸ್ಪೇಸ್ ಕೊಟ್ಟು ಅಳಿಸಿ ಸೇವ್ ಮಾಡಿ. ಗಿಟ್ ಸ್ಟೇಟಸ್ ಏನೂ ತೋರಿಸಬಾರದು. ನಂತರ ಅವರ ಮಾಮೂಲಿ ಪ್ರೊಫೈಲಿನಲ್ಲಿ ಅದೇ ಫೈಲಿಗೆ ಅದೇ ಕೆಲಸ. ಮೊದಲನೆಯದರಲ್ಲಿ ಸ್ವಚ್ಛ, ಎರಡನೆಯದರಲ್ಲಿ ಬದಲಾವಣೆ ಎಂದರೆ ಕಾರಣ ಅವರ ಯೂಸರ್ ಸೆಟ್ಟಿಂಗಿನಲ್ಲೇ ಇದೆ, ‘@ಮಾಡಿಫೈಡ್’ ಪಟ್ಟಿಗೆ ವಾಪಸ್ ಹೋಗಿ. ಎರಡರಲ್ಲೂ ಬದಲಾವಣೆ ಬಂದರೆ ರಿಪೊದೊಳಗಿನ ಫೈಲೇ ಇನ್ನೂ ಹಳೆಯ ರೂಪದಲ್ಲಿದೆ. ‘ಗಿಟ್ ಎಲ್‌ಎಸ್-ಫೈಲ್ಸ್ --ಇಒಎಲ್’ ಅನ್ನು ಆ ಒಂದು ಫೈಲಿಗೆ ಕೊಟ್ಟು ಮತ್ತೆ ನೋಡಿ. ಎರಡೂ ಸ್ವಚ್ಛವಾಗಿದ್ದರೆ ಬಿಲ್ಡ್ ಸರ್ವರಿನಲ್ಲಿ ‘ಪ್ರೆಟಿಯರ್ --ಚೆಕ್ .’ ಓಡುವಂತೆ ಒಂದು ಹೆಜ್ಜೆ ಸೇರಿಸಿ, ಟಿಕೆಟ್ ಮುಚ್ಚಿ.